ಏಳೂವರೆಯ ಧಾರಾವಾಹಿ ಏಳೂವರೆಗೇ ಬರಲಿ: ಕನ್ನಡ ಮನರಂಜನಾ ವಾಹಿನಿಗಳ ಸಂಜೆಯ ಸೇವೆ ಹೇಗಿದೆ?

ಧಾರಾವಾಹಿಗಳ ಕಥೆ ಚೆನ್ನಾಗಿದೆಯೋ ಇಲ್ಲವೋ ಎಂದು ಬರೆಯುವವರು ಬೇಕಾದಷ್ಟು ಮಂದಿ ಇದ್ದಾರೆ. ಇಲ್ಲಿ ಆ ಮಾತಿಲ್ಲ. ಹಾಲು ಹಾಕುವವರು, ಪೇಪರ್ ಹಾಕುವವರು ಹೇಗೆ ತಿಂಗಳ ಲೆಕ್ಕದಲ್ಲಿ ಮನೆಗೆ ಸೇವೆ ಕೊಡುತ್ತಾರೋ ಟಿವಿ ವಾಹಿನಿಯೂ ಹಾಗೇ ಒಂದು ಸೇವೆ. ಹೇಳಿದ ಹೊತ್ತಿಗೆ, ಹೇಳಿದ್ದನ್ನು, ಹೇಳಿದಷ್ಟು ಅಳತೆಯಲ್ಲಿ ಕೊಡುತ್ತಿದೆಯೇ ಎನ್ನುವುದಷ್ಟೇ ಇಲ್ಲಿನ ಪ್ರಶ್ನೆ. ಮುಖ್ಯವಾಗಿ ನಾಲ್ಕು ವಾಹಿನಿಗಳು: 1994ರ ಉದಯ, 2000ದಲ್ಲಿ ಈಟಿವಿ ಕನ್ನಡವಾಗಿ ಹುಟ್ಟಿ 2015ರಲ್ಲಿ ಹೆಸರು ಬದಲಿಸಿಕೊಂಡ ಕಲರ್ಸ್ ಕನ್ನಡ, 2006ರ ಜೀ ಕನ್ನಡ, 2007ರ ಸುವರ್ಣ, ಅಂದರೆ ಇಂದಿನ ಸ್ಟಾರ್ ಸುವರ್ಣ. 2024ರ ನವೆಂಬರಿನಲ್ಲಿ ರಿಲಯನ್ಸ್ ಮತ್ತು ಡಿಸ್ನಿಯ ಟಿವಿ ವ್ಯವಹಾರಗಳ ನಡುವೆ ನಡೆದ ದೊಡ್ಡ ವಿಲೀನದ ನಂತರ ಇವುಗಳಲ್ಲಿ ಎರಡು, ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ, ಒಂದೇ ಮನೆಯವು.

ಮೊದಲು ದುಡ್ಡಿನ ಲೆಕ್ಕ. 2019ರಲ್ಲಿ ಟ್ರಾಯ್, ಅಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ತಂದ ಹೊಸ ದರ ಪದ್ಧತಿಯಿಂದ ದುಡ್ಡು ಕೊಟ್ಟು ನೋಡುವ ಪ್ರತಿ ಪೇ ಚಾನೆಲ್‌ಗೂ ಬಿಡಿ ಬೆಲೆ ನಿಗದಿಯಾಯಿತು. ಪ್ಯಾಕ್‌ನೊಳಗೆ ಸೇರಿಸಬೇಕೆಂದರೆ ಒಂದು ಚಾನೆಲ್‌ನ ಬಿಡಿ ಬೆಲೆ ತಿಂಗಳಿಗೆ 19 ರೂಪಾಯಿ ಮೀರುವಂತಿಲ್ಲ. ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿದರೆ 22 ರೂಪಾಯಿ 42 ಪೈಸೆ. ಇದಲ್ಲದೆ ಕೇಬಲ್ ಅಥವಾ ಡಿಟಿಎಚ್‌ನವರಿಗೆ ನೆಟ್‌ವರ್ಕ್ ಶುಲ್ಕ ಬೇರೆ. ಅದಕ್ಕೆ 130 ರೂಪಾಯಿ ಮತ್ತು ತೆರಿಗೆ ಎಂಬ ಮಿತಿ ಇತ್ತು, 2024ರ ಜುಲೈನಲ್ಲಿ ಅದನ್ನೂ ತೆಗೆದರು. ಮೊತ್ತ ದೊಡ್ಡದಲ್ಲ ಅನ್ನಿಸಬಹುದು. ಆದರೆ ಇದು ಪುಕ್ಕಟೆ ಸೇವೆಯಲ್ಲ ಎನ್ನುವುದು ಇಲ್ಲಿ ಮುಖ್ಯ. ನೋಡುಗರು ಜಾಹೀರಾತನ್ನೂ ನೋಡುತ್ತಾರೆ, ದುಡ್ಡನ್ನೂ ಕಟ್ಟುತ್ತಾರೆ.

ಆ ದುಡ್ಡಿಗೆ ಸಿಗುವುದೇನು? ಅರ್ಧ ಗಂಟೆಯ ಒಂದು ಸ್ಲಾಟನ್ನು ಬಿಚ್ಚಿ ನೋಡೋಣ. 1994ರ ಕೇಬಲ್ ಟಿವಿ ನಿಯಮಗಳ ಪ್ರಕಾರ ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಹಾಕುವಂತಿಲ್ಲ: 10 ನಿಮಿಷ ವ್ಯಾಪಾರದ್ದು, 2 ನಿಮಿಷ ವಾಹಿನಿಯ ಸ್ವಂತ ಪ್ರೊಮೊ. ಇದನ್ನು ಬಿಗಿಯಾಗಿ ಜಾರಿಗೊಳಿಸಲು ಟ್ರಾಯ್ ಹೊರಟಾಗ ವಿಷಯ 2013ರಲ್ಲಿ ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು. ನಿಯಮ ಅಕ್ಷರಶಃ ಪಾಲನೆಯಾಗುತ್ತದೆ ಎಂದೇ ಇಟ್ಟುಕೊಂಡರೂ ಅರ್ಧ ಗಂಟೆಯಲ್ಲಿ 6 ನಿಮಿಷ ಹೋಯಿತು, ಉಳಿದದ್ದು 24. ಅದರಲ್ಲಿ ನಿನ್ನೆಯ ಕಥೆಯ ರೀಕ್ಯಾಪ್ ಒಂದೂವರೆ ನಿಮಿಷ, ಶೀರ್ಷಿಕೆ ಗೀತೆ ಅರ್ಧ ಮುಕ್ಕಾಲು ನಿಮಿಷ, ಕೊನೆಯಲ್ಲಿ 'ಮುಂದಿನ ಸಂಚಿಕೆಯಲ್ಲಿ' ಅರ್ಧ ನಿಮಿಷ, ಬ್ರೇಕ್ ಮುಗಿದ ಮೇಲೆ ಬ್ರೇಕಿಗೆ ಮುಂಚಿನ ದೃಶ್ಯವನ್ನೇ ಮತ್ತೆ ತೋರಿಸುವ ಕೆಲವು ಸೆಕೆಂಡು. ಹೊಸ ಕಥೆಗೆ ಉಳಿಯುವುದು ಸುಮಾರು 21 ನಿಮಿಷ. ಆ 21ರಲ್ಲೂ ಒಬ್ಬರು ಬಾಗಿಲು ತೆರೆದು ಒಳಗೆ ಬಂದರೆ ಹಾಲ್‌ನಲ್ಲಿ ನಿಂತ ಎಂಟು ಜನರ ಮುಖಕ್ಕೂ ಮೂರು ಮೂರು ಸಲ ಕ್ಯಾಮೆರಾ ಹೋಗುತ್ತದೆ, ಹಿಂದೆ ಢಂ ಢಂ ಸಂಗೀತ. ಆ ಮುಖಗಳನ್ನು ಕಳೆದರೆ ಕೈಗೆ ಸಿಗುವುದು ಒಂದು ದೃಶ್ಯ, ಒಂದೂವರೆ ದೃಶ್ಯ.

ಕಥೆ ಎಳೆಯುವುದಕ್ಕೆ ಬರಹಗಾರರನ್ನು ಬೈಯುವವರೇ ಹೆಚ್ಚು. ಅದು ಅನ್ಯಾಯ. ಧಾರಾವಾಹಿಯ ಯೂನಿಟ್ ದಿನಕ್ಕೆ ಸುಮಾರು ಒಂದು ಸಂಚಿಕೆಯಷ್ಟು ಚಿತ್ರೀಕರಣ ಮಾಡುತ್ತದೆ. ಮುಂಗಡವಾಗಿ ತೆಗೆದಿಟ್ಟ ಸಂಚಿಕೆಗಳಿಗೆ 'ಬ್ಯಾಂಕಿಂಗ್' ಎನ್ನುತ್ತಾರೆ. ಬ್ಯಾಂಕ್ ಹತ್ತು ದಿನದ್ದಿದ್ದರೆ ನಿರ್ದೇಶಕರಿಗೆ ಉಸಿರಾಡಲು ಜಾಗವಿರುತ್ತದೆ. ಎರಡು ಮೂರು ದಿನಕ್ಕೆ ಇಳಿದರೆ ನಿನ್ನೆ ತೆಗೆದದ್ದು ಇಂದು ಎಡಿಟ್ ಆಗಿ ನಾಳೆ ಪ್ರಸಾರವಾಗಬೇಕು. ಅಂಥ ಹೊತ್ತಿನಲ್ಲಿ ಒಬ್ಬ ಮುಖ್ಯ ಕಲಾವಿದೆಗೆ ಜ್ವರ ಬಂದರೆ ಮುಗಿಯಿತು: ಫ್ಲ್ಯಾಶ್‌ಬ್ಯಾಕ್ ಬರುತ್ತದೆ, ಹಳೆಯ ಹಾಡಿನ ತುಣುಕು ಬರುತ್ತದೆ, ಅಡುಗೆಮನೆಯಲ್ಲಿ ಇಬ್ಬರು ಪೋಷಕ ಪಾತ್ರಗಳು ಹತ್ತು ನಿಮಿಷ ಹರಟುತ್ತಾರೆ. ವಾಹಿನಿಯವರು ಇದ್ದಕ್ಕಿದ್ದಂತೆ 'ವಾರಕ್ಕೆ ಐದು ದಿನ ಸಾಲದು, ಆರು ದಿನ ಕೊಡಿ' ಎಂದಾಗ, ಅಥವಾ ಭಾನುವಾರಕ್ಕೊಂದು ಮಹಾಸಂಚಿಕೆ ಬೇಕೆಂದಾಗ ಕರಗುವುದು ಈ ಬ್ಯಾಂಕೇ. ಮಜ್ಜಿಗೆ ಅಷ್ಟೇ ಇದೆ, ಊಟಕ್ಕೆ ಕೂತವರು ಹೆಚ್ಚಾದರು, ನೀರು ಬೆರೆಸದೆ ಬೇರೆ ದಾರಿಯಿಲ್ಲ.

ಎರಡು ಧಾರಾವಾಹಿಗಳನ್ನು ಒಂದೇ ಮದುವೆ ಮಂಟಪಕ್ಕೋ ಜಾತ್ರೆಗೋ ತಂದು ಕೂಡಿಸುವ 'ಮಹಾಸಂಗಮ' ಇದೇ ಜಾತಿಯದು. ಒಂದನ್ನು ಮಾತ್ರ ನೋಡುವವರಿಗೆ ಆ ಇಡೀ ವಾರ ಅರ್ಧ ಜನ ಅಪರಿಚಿತರು.

ಹೆಚ್ಚುವರಿ ಸಂಚಿಕೆ ಬೇಕಾಗುವುದು ಯಾಕೆ? ಟಿಆರ್‌ಪಿ, ಅಂದರೆ ಎಷ್ಟು ಜನ ನೋಡಿದರು ಎನ್ನುವ ಅಂಕ. ಈ ಪದವನ್ನು ಎಲ್ಲರೂ ಬಳಸುತ್ತಾರೆ, ಅದರ ಯಂತ್ರ ಹೇಗೆ ನಡೆಯುತ್ತದೆಂದು ತಿಳಿದವರು ಕಡಿಮೆ. 2015ರಿಂದ ಈ ಅಳತೆ ಮಾಡುತ್ತಿರುವುದು ಬಾರ್ಕ್ ಎಂಬ ಸಂಸ್ಥೆ. ವಾಹಿನಿಯ ಧ್ವನಿಯೊಳಗೆ ನಮ್ಮ ಕಿವಿಗೆ ಕೇಳಿಸದ ಒಂದು ಗುರುತು ಸೇರಿಸಿರುತ್ತಾರೆ. ಆಯ್ದ ಮನೆಗಳ ಟಿವಿ ಪಕ್ಕ ಕೂರಿಸಿದ ಮೀಟರ್ ಆ ಗುರುತನ್ನು ಹಿಡಿದು, ಯಾವ ನಿಮಿಷದಲ್ಲಿ ಯಾವ ಚಾನೆಲ್ ಓಡುತ್ತಿತ್ತು ಎಂದು ದಾಖಲಿಸುತ್ತದೆ. ಮನೆಯವರು ತಮ್ಮ ತಮ್ಮ ಪಾಲಿನ ಗುಂಡಿ ಒತ್ತಿ ಯಾರು ನೋಡುತ್ತಿದ್ದಾರೆಂದು ತಿಳಿಸಬೇಕು. ವಾರದ ಲೆಕ್ಕ ಶನಿವಾರದಿಂದ ಶುಕ್ರವಾರದವರೆಗೆ, ಅಂಕಿ ಹೊರಬೀಳುವುದು ನಂತರದ ಗುರುವಾರ. ದೇಶದಲ್ಲಿ ಟಿವಿ ಇರುವ ಮನೆ ಸುಮಾರು 21 ಕೋಟಿ ಎಂದು 2020ರಲ್ಲಿ ಬಾರ್ಕ್ ಅಂದಾಜಿಸಿತ್ತು. ಮೀಟರ್ ಇರುವ ಮನೆಗಳು ಸುಮಾರು 55 ಸಾವಿರ. ಅಂದರೆ ಒಂದೊಂದು ಮೀಟರೂ ಸುಮಾರು 3,800 ಮನೆಗಳ ಪರವಾಗಿ ಮಾತಾಡುತ್ತದೆ. ನಿಮ್ಮ ಮನೆಯಲ್ಲಿ ಮೀಟರ್ ಇಲ್ಲದಿದ್ದರೆ ನೀವು ಬೇಸತ್ತು ಟಿವಿ ಆರಿಸಿದ್ದು ಎಲ್ಲೂ ದಾಖಲಾಗುವುದಿಲ್ಲ.

ಒಂದು ಧಾರಾವಾಹಿಯ ರೇಟಿಂಗ್ ಬೇರೆ, ವಾಹಿನಿಯ ವಾರದ ಒಟ್ಟು ಅಂಕ ಬೇರೆ. ಜನ ನೋಡುವ ಧಾರಾವಾಹಿಯನ್ನು ಐದು ದಿನದ ಬದಲು ಆರು ದಿನ ಹಾಕಿದರೆ, ಅರ್ಧ ಗಂಟೆಯದ್ದನ್ನು ಒಂದು ಗಂಟೆ ಮಾಡಿದರೆ ಒಟ್ಟು ಅಂಕ ಏರುತ್ತದೆ. 2024ರ ಜನವರಿಯಲ್ಲಿ ಜೀ ಕನ್ನಡದಲ್ಲಿ ಶುರುವಾದ 'ಲಕ್ಷ್ಮೀ ನಿವಾಸ' ದಿನಕ್ಕೆ ಒಂದು ಗಂಟೆಯ ಧಾರಾವಾಹಿಯಾಗಿಯೇ ಬಂತು. ಅದರಲ್ಲಿ ತಪ್ಪಿಲ್ಲ. ಮೊದಲ ದಿನವೇ ಒಂದು ಗಂಟೆ ಎಂದು ಹೇಳಿ, ಅಷ್ಟು ಪಾತ್ರಗಳ ದೊಡ್ಡ ಕುಟುಂಬವನ್ನು ಕಟ್ಟಿಕೊಂಡು ಹೊರಟರೆ ನೋಡುಗರಿಗೂ ಲೆಕ್ಕ ಸಿಗುತ್ತದೆ. ಅರ್ಧ ಗಂಟೆಗೆ ಹೆಣೆದ ಕಥೆಯನ್ನು ನಡುವೆ ಹಿಗ್ಗಿಸುವುದು, ಆಮೇಲೆ ಮತ್ತೆ ಕುಗ್ಗಿಸುವುದು ತಪ್ಪು.

ಈ ಸೇವೆಯ ಅತಿ ದೊಡ್ಡ ದೋಷ ಮಾತ್ರ ಎಳೆತವಲ್ಲ, ಸಮಯ ಬದಲಾವಣೆ. ಎಳೆಯುವುದನ್ನು ಜನ ಸಹಿಸುತ್ತಾರೆ. ನಡುವೆ ನಾಲ್ಕು ದಿನ ಬಿಟ್ಟು ನೋಡಿದರೂ ಕಥೆ ತಿಳಿಯುತ್ತದಲ್ಲ ಎಂದು ಸಮಾಧಾನವನ್ನೂ ಹೇಳಿಕೊಳ್ಳುತ್ತಾರೆ. ಹೊತ್ತು ತಪ್ಪುವುದನ್ನು ಸಹಿಸಲಾಗದು. ಸಂಜೆ ದೀಪ ಹಚ್ಚಿದ ಮೇಲೆ ಇದು, ಸಾರಿಗೆ ಒಗ್ಗರಣೆ ಹಾಕಿ ಬಂದು ಅದು, ಊಟದ ತಟ್ಟೆ ಹಿಡಿದು ಇನ್ನೊಂದು ಎಂದು ಮನೆಮನೆಯಲ್ಲಿ ಗಡಿಯಾರಕ್ಕೆ ಗಂಟು ಹಾಕಿದ ಸಂಗತಿ ಧಾರಾವಾಹಿ. ರಾತ್ರಿ ಎಂಟಕ್ಕೆ ಬರುತ್ತಿದ್ದದ್ದು ಸೋಮವಾರದಿಂದ ಸಂಜೆ ಐದೂವರೆಗೆ ಹೋದರೆ ಕೆಲಸದಿಂದ ಮನೆಗೆ ಬರುವವರು ಅದನ್ನು ಕಳೆದುಕೊಂಡ ಹಾಗೇ. ಹತ್ತೂವರೆಗೆ ಹೋದರೆ ಒಂಬತ್ತೂವರೆಗೆ ಮಲಗುವ ಅಜ್ಜಿಗೆ ಇಲ್ಲ.

ಬದಲಾವಣೆ ನಡೆಯುವ ಕ್ರಮವನ್ನು ಗಮನಿಸಿ. ಹೊಸ ಧಾರಾವಾಹಿಯೊಂದು ತಯಾರಾಗಿರುತ್ತದೆ. ಅದಕ್ಕೆ ಏಳರಿಂದ ಒಂಬತ್ತರೊಳಗಿನ ಒಳ್ಳೆ ಜಾಗ ಬೇಕು. ಅಲ್ಲಿರುವವುಗಳಲ್ಲಿ ಅಂಕ ಇಳಿಯುತ್ತಿರುವುದನ್ನು ಎತ್ತಿ ಆರಕ್ಕೋ ಹತ್ತಕ್ಕೋ ತಳ್ಳುತ್ತಾರೆ. ಆ ಹೊತ್ತಿಗೆ ನೋಡುವವರೇ ಕಡಿಮೆಯಾದ್ದರಿಂದ ಅಂಕ ಮತ್ತೂ ಇಳಿಯುತ್ತದೆ. ಆಮೇಲೆ ಆ ಇಳಿದ ಅಂಕವನ್ನೇ ಕಾರಣ ಮಾಡಿ ಮುಕ್ತಾಯ ಹಾಡುತ್ತಾರೆ. ನಿಮ್ಮ ಮೆಚ್ಚಿನ ಧಾರಾವಾಹಿ ಪ್ರೈಮ್ ಟೈಮ್‌ನಿಂದ ಹೊರಗೆ ಹೋದರೆ, ಹೆಚ್ಚಿನ ಸಲ ಅದು ಕೆಲವೇ ತಿಂಗಳಲ್ಲಿ ಮುಗಿಯುವ ಸೂಚನೆ.

ಪ್ರಕಟಣೆಯ ರೀತಿಯಂತೂ ತೀರಾ ಕಳಪೆ. 'ಇದೇ ಸೋಮವಾರದಿಂದ ಹೊಸ ಸಮಯದಲ್ಲಿ' ಎಂಬ ಹದಿನೈದು ಸೆಕೆಂಡಿನ ಪ್ರೊಮೊ ಕೊನೆಯ ಮೂರ್ನಾಲ್ಕು ದಿನ ಓಡುತ್ತದೆ, ಪರದೆಯ ಕೆಳಗೆ ಸಣ್ಣ ಅಕ್ಷರದ ಪಟ್ಟಿ ಹರಿಯುತ್ತದೆ. ಆ ಪಟ್ಟಿಯನ್ನು ಕನ್ನಡಕ ಹಾಕಿಕೊಂಡು ಓದುವಷ್ಟರಲ್ಲಿ ಅದು ಮುಂದೆ ಹೋಗಿರುತ್ತದೆ, ಅಕ್ಷರ ಬಾರದವರಿಗೆ ಅದು ಇದ್ದೂ ಇಲ್ಲ. ಸೆಟ್‌ಟಾಪ್ ಬಾಕ್ಸ್‌ನ ಕಾರ್ಯಕ್ರಮ ಪಟ್ಟಿಯಲ್ಲಿ ಹಳೆಯ ಸಮಯವೇ ಇನ್ನೂ ಕೆಲವು ದಿನ ಉಳಿದಿರುವುದುಂಟು. ಅದನ್ನು ನಂಬಿ ರೆಕಾರ್ಡಿಂಗ್ ಹಾಕಿದವರಿಗೆ ಸಿಗುವುದು ಬೇರೊಂದು ಧಾರಾವಾಹಿ.

ರೆಕಾರ್ಡಿಂಗ್ ಬಗ್ಗೆ ಇನ್ನೊಂದು ಮಾತು. ನೋಡುಗರು ಚಾನೆಲ್ ಬದಲಿಸದಿರಲೆಂದು ಒಂದು ಧಾರಾವಾಹಿಯ ಕೊನೆ ಮತ್ತು ಮುಂದಿನದರ ಆರಂಭದ ನಡುವೆ ಬ್ರೇಕ್ ಕೊಡದೆ ಅಂಟಿಸುವ ಅಭ್ಯಾಸವಿದೆ. ಏಳೂವರೆಯದು ಏಳು ಇಪ್ಪತ್ತೆಂಟಕ್ಕೇ ಶುರುವಾಗಬಹುದು, ಏಳು ಮೂವತ್ತಮೂರಕ್ಕೂ ಶುರುವಾಗಬಹುದು. ಆದ್ದರಿಂದ ರೆಕಾರ್ಡ್ ಮಾಡುವವರು ಕಾರ್ಯಕ್ರಮದ ಹೆಸರಿನ ಮೇಲೆ ಒತ್ತದೆ, ಸಮಯ ಹಾಕಿ ಕೈಯಾರೆ ಹೊಂದಿಸುವುದು ಕ್ಷೇಮ: ಮುಂಚೆ 5 ನಿಮಿಷ, ಆಮೇಲೆ 10 ನಿಮಿಷ ಹೆಚ್ಚು. ಮಹಾಸಂಚಿಕೆಯ ವಾರ ಆ ದಿನಕ್ಕೆ ಬೇರೆಯಾಗಿಯೇ ಒಂದು ಗಂಟೆ ಇಡಬೇಕು.

ವರ್ಷಕ್ಕೊಮ್ಮೆ ನಿಶ್ಚಿತವಾಗಿ ಬರುವ ದೊಡ್ಡ ಅಲುಗಾಟ 'ಬಿಗ್ ಬಾಸ್'. ಅದು ನೂರು ದಿನಕ್ಕೂ ಹೆಚ್ಚು ಕಾಲ ರಾತ್ರಿ ಒಂಬತ್ತೂವರೆಯಿಂದ ಮುಂದಿನ ಜಾಗವನ್ನೆಲ್ಲ ತೆಗೆದುಕೊಳ್ಳುತ್ತದೆ. ಅಲ್ಲಿದ್ದ ಧಾರಾವಾಹಿಗಳು ಒಂದೋ ಅವಸರದಲ್ಲಿ ಮುಗಿಯುತ್ತವೆ, ಇಲ್ಲವೇ ಸಂಜೆಗೆ ವಲಸೆ ಹೋಗುತ್ತವೆ. ಕಾರ್ಯಕ್ರಮವೇ ಒಂದು ಕಡೆ ನಿಂತದ್ದಿಲ್ಲ. 2013ರಲ್ಲಿ ಈಟಿವಿ ಕನ್ನಡ, 2014ರಲ್ಲಿ ಸುವರ್ಣ, 2015ರಲ್ಲಿ ಕಲರ್ಸ್ ಕನ್ನಡ, 2017 ಮತ್ತು 2018ರಲ್ಲಿ ಕಲರ್ಸ್ ಸೂಪರ್, 2019ರಲ್ಲಿ ಮತ್ತೆ ಕಲರ್ಸ್ ಕನ್ನಡ. ಇದನ್ನು ಇಷ್ಟಪಡುವವರ ಮೇಲೆ ದೂರಿಲ್ಲ. ಆದರೆ ಇದು ಸೆಪ್ಟೆಂಬರ್ ಅಕ್ಟೋಬರ್ ಹೊತ್ತಿಗೆ ಶುರುವಾಗುತ್ತದೆ ಎನ್ನುವುದು ವಾಹಿನಿಗೆ ತಿಂಗಳುಗಟ್ಟಲೆ ಮೊದಲೇ ಗೊತ್ತಿರುತ್ತದೆ. ಒಂಬತ್ತೂವರೆಯ ಕಥೆಗಳನ್ನು ಆ ಹೊತ್ತಿಗೆ ಸಹಜವಾಗಿ ಕೊನೆಗೆ ತರುವಂತೆ ಬರೆಸುವುದಕ್ಕೆ ಸಾಕಷ್ಟು ಕಾಲಾವಕಾಶವಿದೆ. ಕೊನೆಯ ಎರಡು ವಾರದಲ್ಲಿ ಖಳನಾಯಕಿಗೆ ಏಕಾಏಕಿ ಜ್ಞಾನೋದಯವಾಗಿ, ಕಾಣೆಯಾದ ಮಗು ಸಿಕ್ಕಿ, ಎಲ್ಲರೂ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡು ಮುಗಿಸುವ ಅಗತ್ಯವೇ ಬೀಳುವುದಿಲ್ಲ.

ಅರ್ಧಕ್ಕೆ ನಿಂತವುಗಳ ನೋವು ಬೇರೆಯದೇ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್‌ನಿಂದ ಚಿತ್ರೀಕರಣ ನಿಂತಾಗ ಬ್ಯಾಂಕ್ ಎಷ್ಟು ತೆಳುವಾಗಿತ್ತೆಂದು ಎಲ್ಲರಿಗೂ ಕಂಡಿತು. ಕೆಲವೇ ದಿನಗಳಲ್ಲಿ ಹಳೆಯ ಸಂಚಿಕೆಗಳ ಮರುಪ್ರಸಾರ ಶುರುವಾಯಿತು. ಟಿ.ಎನ್. ಸೀತಾರಾಮ್ ಅವರ 'ಮಗಳು ಜಾನಕಿ' 2018ರಲ್ಲಿ ಕಲರ್ಸ್ ಸೂಪರ್‌ನಲ್ಲಿ ಆರಂಭವಾಗಿ, ಆ ಲಾಕ್‌ಡೌನ್‌ನಲ್ಲಿ ಕಥೆ ಮುಗಿಯದೆಯೇ ನಿಂತುಹೋಯಿತು. ಆ ವರ್ಷದ ಕಾರಣ ಯಾರ ಕೈಯಲ್ಲೂ ಇರಲಿಲ್ಲ, ನಿಜ. ಆದರೆ ಕಥೆ ಅರ್ಧಕ್ಕೆ ನಿಂತಾಗ ಉಳಿದದ್ದೇನು ಎಂದು ಒಂದು ಸಂಚಿಕೆಯಲ್ಲಾದರೂ ಹೇಳಿ ಮುಗಿಸುವ ಪದ್ಧತಿ ನಮ್ಮ ವಾಹಿನಿಗಳಲ್ಲಿ ಬೆಳೆದಿಲ್ಲ. ಒಂದೇ ಒಂದು ಗಂಟೆ ಸಾಕು. ಎರಡು ವರ್ಷ ಕೂತು ನೋಡಿದವರಿಗೆ ಅಷ್ಟು ಕೊಡಬೇಕು.

ಡಬ್ಬಿಂಗ್ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ದಶಕಗಳ ಕಾಲ ಇಲ್ಲಿದ್ದ ಅನಧಿಕೃತ ತಡೆಯ ವಿರುದ್ಧ ಸ್ಪರ್ಧಾ ಆಯೋಗ 2015ರಲ್ಲಿ ಆದೇಶ ಕೊಟ್ಟಿತು, 2020ರಲ್ಲಿ ಪೌರಾಣಿಕ ಧಾರಾವಾಹಿಗಳು ಕನ್ನಡಕ್ಕೆ ಬಂದವು, ಜನ ನೋಡಿದರು. ಕನ್ನಡದ ಮಾತು ಚೆನ್ನಾಗಿದ್ದರೆ ಡಬ್ಬಿಂಗ್ ಸರಿಯೇ. ಕನ್ನಡದ್ದೇ ಸ್ವಂತ ಧಾರಾವಾಹಿಯನ್ನು ಎತ್ತಂಗಡಿ ಮಾಡಿ ಅದೇ ಜಾಗಕ್ಕೆ ಅವಸರದ ಡಬ್ಬಿಂಗ್ ತುಂಬುವುದಕ್ಕೆ ಮಾತ್ರ ವಿರೋಧ.

ಭಾನುವಾರದ ಸಿನಿಮಾಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಗಂಟೆಗೆ 12 ನಿಮಿಷದ ಮಿತಿ ಪಾಲಿಸಿದರೆ ಗಂಟೆಗೆ 48 ನಿಮಿಷ ಸಿನಿಮಾ ಓಡಬೇಕು. ಎರಡೂವರೆ ಗಂಟೆಯ, ಅಂದರೆ 150 ನಿಮಿಷದ ಚಿತ್ರ ಸುಮಾರು ಮೂರು ಗಂಟೆ ಎಂಟು ನಿಮಿಷದಲ್ಲಿ ಮುಗಿಯಬೇಕು. ಕತ್ತರಿ ಹಾಕದ ಚಿತ್ರ ಅದಕ್ಕೂ ಮೊದಲೇ ಮುಗಿದರೆ ಸಂತೋಷ. ಮೂರೂವರೆ, ನಾಲ್ಕು ಗಂಟೆ ಹಿಡಿದರೆ ಮಿತಿ ದಾಟಿದೆ.

'ಆ್ಯಪ್‌ನಲ್ಲಿ ಯಾವಾಗ ಬೇಕಾದರೂ ನೋಡಬಹುದಲ್ಲ' ಎನ್ನುವ ಉತ್ತರ ಸಿದ್ಧವಾಗಿರುತ್ತದೆ. ಜೀ5, ಜಿಯೋಹಾಟ್‌ಸ್ಟಾರ್, ಸನ್ ನೆಕ್ಸ್ಟ್‌ನಲ್ಲಿ ಸಂಚಿಕೆಗಳು ಸಿಗುತ್ತವೆ, ಹೊರದೇಶದಲ್ಲಿರುವ ಕನ್ನಡಿಗರಿಗೆ ಅದು ನಿಜವಾದ ಉಪಕಾರ. ಆದರೆ ಅದಕ್ಕೆ ಬೇರೆ ಚಂದಾ, ಇಂಟರ್ನೆಟ್‌ಗೆ ಬೇರೆ ಖರ್ಚು, ಫೋನಿನ ಅಂಗೈಯಗಲದ ಪರದೆ, ಅದನ್ನು ಹಾಕಿಕೊಡಲು ಮನೆಯಲ್ಲಿ ಒಬ್ಬರು ಮೊಮ್ಮಗ ಮೊಮ್ಮಗಳು. ಟಿವಿಗೆ ಕಟ್ಟಿದ ದುಡ್ಡಿಗೆ ಟಿವಿಯಲ್ಲೇ ಸೇವೆ ಸಿಗಬೇಕು.

ನೋಡುಗರು ಮಾಡಬಹುದಾದದ್ದೇನು? ದೂರು ಕೊಡುವ ದಾರಿ ಇದೆ, ಆದರೆ ಅದು ಎಲ್ಲಿಯವರೆಗೆ ಹೋಗುತ್ತದೆಂದು ತಿಳಿದಿರಬೇಕು. 2021ರ ತಿದ್ದುಪಡಿ ನಿಯಮಗಳಂತೆ ದೂರು ಮೊದಲು ವಾಹಿನಿಗೇ ಹೋಗಬೇಕು. 24 ಗಂಟೆಯೊಳಗೆ ಸ್ವೀಕೃತಿ, 15 ದಿನದೊಳಗೆ ತೀರ್ಮಾನ. ಒಪ್ಪಿಗೆಯಾಗದಿದ್ದರೆ ಮುಂದಿನ 15 ದಿನದೊಳಗೆ ವಾಹಿನಿಗಳ ಸ್ವಯಂ ನಿಯಂತ್ರಣ ಸಂಸ್ಥೆಗೆ ಮೇಲ್ಮನವಿ. ಆದರೆ ಇದು ಕಾರ್ಯಕ್ರಮ ಸಂಹಿತೆ, ಜಾಹೀರಾತು ಸಂಹಿತೆ ಮುರಿದ ವಿಷಯಗಳಿಗೆ. ಹಿಂಸೆ, ಅಶ್ಲೀಲ, ಮೂಢನಂಬಿಕೆ, ಜಾಹೀರಾತಿನ ಅತಿ ಇಲ್ಲಿಗೆ ಬರುತ್ತವೆ. 'ನಮ್ಮ ಧಾರಾವಾಹಿಯ ಸಮಯ ಬದಲಿಸಿದರು' ಎನ್ನುವುದು ಬರುವುದಿಲ್ಲ. ವೇಳಾಪಟ್ಟಿ ವಾಹಿನಿಯ ಹಕ್ಕು.

ಅದಕ್ಕೆ ಉಳಿದ ಅಸ್ತ್ರ ಚಾನೆಲನ್ನೇ ತೆಗೆಸುವುದು. ಬಿಡಿಯಾಗಿ ಕೊಂಡಿದ್ದರೆ ಕೆಲಸ ಸುಲಭ: ಡಿಟಿಎಚ್ ಆ್ಯಪ್‌ನಲ್ಲೋ ಕೇಬಲ್‌ನವರಿಗೆ ಹೇಳಿಯೋ ತೆಗೆಸಿ, ಮುಂದಿನ ಬಿಲ್‌ನಲ್ಲಿ ಇಳಿದಿದೆಯೇ ನೋಡಿ. ಪ್ಯಾಕ್‌ನಲ್ಲಿದ್ದರೆ ಎಚ್ಚರ. ಪ್ಯಾಕ್‌ನಿಂದ ಒಂದನ್ನು ಮಾತ್ರ ಕೀಳಲು ಬರುವುದಿಲ್ಲ, ಇಡೀ ಪ್ಯಾಕ್ ಬಿಡಬೇಕು. ಬಿಡಿ ಬೆಲೆಗಳ ಮೊತ್ತದ ಮೇಲೆ ಪ್ಯಾಕ್‌ಗೆ ಶೇ. 45ರವರೆಗೆ ರಿಯಾಯಿತಿ ಕೊಡಬಹುದು. ಆದ್ದರಿಂದ ಪ್ಯಾಕ್ ಬಿಟ್ಟು ಮೂರು ಚಾನೆಲನ್ನು ಬಿಡಿಯಾಗಿ ಕೊಂಡರೆ ಮೊದಲಿಗಿಂತ ಹೆಚ್ಚೇ ಕಟ್ಟಬೇಕಾಗಬಹುದು. ಮನೆಯವರು ನಿಜವಾಗಿ ನೋಡುವ ಚಾನೆಲ್‌ಗಳ ಪಟ್ಟಿ ಮಾಡಿ, ಒಂದೊಂದರ ಬಿಡಿ ಬೆಲೆ ಕೂಡಿಸಿ, ಅದಕ್ಕೆ ಶೇ. 18 ಸೇರಿಸಿ, ಆಮೇಲೆ ಪ್ಯಾಕ್ ಬೆಲೆಯೊಂದಿಗೆ ಹೋಲಿಸಿ ನಿರ್ಧರಿಸಿ.

ಹೊತ್ತಿಗೆ ಸರಿಯಾಗಿ, ಒಂದೇ ರೂಪದಲ್ಲಿ, ವರ್ಷಾನುಗಟ್ಟಲೆ ಕಾರ್ಯಕ್ರಮ ಕೊಡುವುದು ಅಸಾಧ್ಯವೇನಲ್ಲ. ದೂರದರ್ಶನ ಚಂದನದಲ್ಲಿ 2002ರಲ್ಲಿ ಶುರುವಾದ 'ಥಟ್ ಅಂತ ಹೇಳಿ'ಯನ್ನು ನೋಡಿ. ನಾ. ಸೋಮೇಶ್ವರ ಅವರು ಪ್ರಶ್ನೆ ಕೇಳುತ್ತಾರೆ, ಸರಿ ಉತ್ತರಕ್ಕೆ ಪುಸ್ತಕ ಕೊಡುತ್ತಾರೆ. ಎರಡು ದಶಕ ದಾಟಿದರೂ ಅದರ ಗುರುತು ಬದಲಾಗಲಿಲ್ಲ. ಚಂದನಕ್ಕೆ ವಾರವಾರ ಅಂಕದ ಒತ್ತಡವಿಲ್ಲ ಎನ್ನಬಹುದು. ಸರಿ. ಆದರೆ ಖಾಸಗಿ ವಾಹಿನಿಗಳು ಆ ಒತ್ತಡದೊಳಗೇ ಇದ್ದು ಮಾಡಬಹುದಾದ ಕೆಲವು ಕೆಲಸಗಳಿಗೆ ಹೆಚ್ಚು ಖರ್ಚೇನಿಲ್ಲ.

ಸಮಯ ಬದಲಿಸುವುದಾದರೆ ಕನಿಷ್ಠ ಹದಿನಾಲ್ಕು ದಿನ ಮೊದಲು ಹೇಳಲಿ. ಬರಹದಲ್ಲಿ ಮಾತ್ರವಲ್ಲ, ಆ ಧಾರಾವಾಹಿಯ ಕಲಾವಿದರ ಬಾಯಲ್ಲೇ, ಸಂಚಿಕೆ ಮುಗಿದ ಕೂಡಲೇ, ನಿಧಾನವಾಗಿ: ಯಾವ ದಿನದಿಂದ, ಎಷ್ಟು ಗಂಟೆಗೆ. ಬಾಕ್ಸ್‌ನ ಕಾರ್ಯಕ್ರಮ ಪಟ್ಟಿಗೆ ಹೊಸ ಸಮಯ ಅದೇ ದಿನ ಕಳಿಸಲಿ. ಬದಲಾದ ಮೇಲೆ ಎರಡು ವಾರ ಹಳೆಯ ಸಮಯಕ್ಕೆ ಸರಿಯಾಗಿ, ಅಲ್ಲಿ ಬರುವ ಹೊಸ ಧಾರಾವಾಹಿಯ ಮೊದಲ ಬ್ರೇಕ್‌ನಲ್ಲಿ, ದೊಡ್ಡ ಅಕ್ಷರದ ಸೂಚನೆ ಹಾಕಲಿ. ಮತ್ತು ನಿನ್ನೆಯ ಸಂಚಿಕೆಯ ಮರುಪ್ರಸಾರಕ್ಕೆ ಮರುದಿನ ಒಂದು ಹೊತ್ತು ಗೊತ್ತುಮಾಡಿ, ಅದನ್ನು ಮಾತ್ರ ಯಾವ ಕಾರಣಕ್ಕೂ ಕದಲಿಸದಿರಲಿ. ಬೆಳಗಿನ ಹತ್ತೂವರೆ ಒಳ್ಳೆಯ ಹೊತ್ತು. ಆ ವೇಳೆಗೆ ತಿಂಡಿ ಮುಗಿದಿರುತ್ತದೆ, ಮಧ್ಯಾಹ್ನದ ಅಡುಗೆ ಇನ್ನೂ ಶುರುವಾಗಿರುವುದಿಲ್ಲ, ರಾತ್ರಿ ಬೇಗ ಮಲಗಿದವರೆಲ್ಲ ಎದ್ದಿರುತ್ತಾರೆ.